ಬೆಳೆಯ ವಿಷವೂ ಮೂಕಪ್ರಾಣಿಯ ಸಾಕ್ಷ್ಯವೂ

೧

ಕನ್ನಡದ ಶಾಸ್ತ್ರಸಾಹಿತ್ಯದಲ್ಲಿ ಪಶುವೈದ್ಯಕ್ಕೂ ವಿಷವೈದ್ಯಕ್ಕೂ ಬಹುಕಾಲದಿಂದ ಸ್ಥಾನವಿದೆ. ೧೦೨೫ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರವು ವೃಕ್ಷಾಯುರ್ವೇದ, ವಿಷವೈದ್ಯ ಮೊದಲಾದ ನಾನಾ ವಿಷಯಗಳನ್ನು ಒಂದೇ ಗ್ರಂಥದಲ್ಲಿ ಸೇರಿಸಿತು. ಅಲ್ಲಿಂದ ಸುಮಾರು ನೂರು ವರ್ಷಗಳ ತರುವಾಯ ಚಾಲುಕ್ಯವಂಶದ ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥದಲ್ಲಿ ಸ್ಥಾವರ ಜಂಗಮ ವಿಷಗಳನ್ನೂ ಅವುಗಳ ಪರಿಹಾರವನ್ನೂ ವಿಸ್ತಾರವಾಗಿ ನಿರೂಪಿಸಿದನು. ಈ ಗ್ರಂಥಕರ್ತರ ಕಾಲದಲ್ಲಿ ವಿಷವೆಂದರೆ ಹಾವು ಚೇಳುಗಳಿಂದಲೋ, ಗಿಡಮೂಲಿಕೆ ಖನಿಜಗಳಿಂದಲೋ, ಹಗೆಯ ಕೈಯಿಂದಲೋ ಬರತಕ್ಕದ್ದು. ಒಕ್ಕಲಿಗನು ತಾನೇ ಹಣಕೊಟ್ಟು ತಂದು, ತನ್ನ ಬೆಳೆಯ ಕ್ಷೇಮಕ್ಕಾಗಿಯೇ ತನ್ನ ಹೊಲದಲ್ಲಿ ಚೆಲ್ಲಿ, ಅದೇ ಹೊಲದ ಬದುವಿನಲ್ಲಿ ತನ್ನ ಹಸುವನ್ನು ಮೇಯಲು ಬಿಡುವಂಥ ವಿಷವೊಂದುಂಟೆಂಬುದು ಅವರ ವಿಚಾರಕ್ಕೆ ಬಂದಿರಲಾರದು. ಅದು ಇಪ್ಪತ್ತನೆಯ ಶತಮಾನದ ಸೃಷ್ಟಿ.

ಇಂಥ ವಿಷವು ತನ್ನ ಗುರಿಯಾದ ಹುಳುವನ್ನು ಬಿಟ್ಟು ಬೇರೆಡೆಗೆ ಹರಿದಾಗ ಅದು ಮೊದಲು ಮುಟ್ಟುವುದು ಯಾರನ್ನು? ಸಾಮಾನ್ಯವಾಗಿ ಮನುಷ್ಯನನ್ನಲ್ಲ. ದನವು ಹಗಲೆಲ್ಲ ಹುಲ್ಲಿಗೆ ಮೂತಿಯಿಟ್ಟಿರುತ್ತದೆ; ನಾಯಿ ಬೆಕ್ಕುಗಳು ನೆಲವನ್ನು ಮೂಸಿ, ಮೈಯನ್ನು ತಾವೇ ನೆಕ್ಕಿಕೊಳ್ಳುತ್ತವೆ; ಮೀನು ಏಡಿಗಳಿಗೆ ಗದ್ದೆಯ ನೀರೇ ಮನೆ. ಆದುದರಿಂದ ಬೆಳೆಯ ವಿಷದ ಮೊದಲ ಸಾಕ್ಷಿ ಬಹುಮಟ್ಟಿಗೆ ಪ್ರಾಣಿಯೇ. ಆದರೆ ಆ ಸಾಕ್ಷಿಗೆ ಮಾತಿಲ್ಲ. ಅದು ಕಂಡದ್ದನ್ನು ಬೇರೊಬ್ಬರು ಓದಿ ಹೇಳಬೇಕು. ಹಾಗೆ ಓದುವ ಕೆಲಸವು ಕನ್ನಡನಾಡಿನಲ್ಲಿ ಹೇಗೆ ನಡೆಯಿತು, ಎಲ್ಲಿ ಸರಿಹೋಯಿತು, ಎಲ್ಲಿ ತಪ್ಪಿತು ಎಂಬುದೇ ಇಲ್ಲಿನ ವಿಚಾರ. ಇದಕ್ಕೆ ಮೂರು ನಿದರ್ಶನಗಳನ್ನು ತೆಗೆದುಕೊಳ್ಳಬಹುದು: ೧೯೫೭ರ ಮಂಗ, ೧೯೭೪-೭೫ರ ಏಡಿ, ೧೯೭೯ರ ಕರು. ಮೊದಲೆರಡು ಶಿವಮೊಗ್ಗ ಜಿಲ್ಲೆಯವು; ಮೂರನೆಯದು ಕಾಸರಗೋಡಿನ ಕನ್ನಡ ನೆಲದ್ದು.

೨

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೨೫ ಕಿಲೋಮೀಟರು ದೂರದಲ್ಲಿ ಕುಂಸಿ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದು ಶಿವಮೊಗ್ಗ ತಾಲ್ಲೂಕಿಗೆ ಸೇರಿದ ಒಂದು ಉಪತಾಲ್ಲೂಕಿನ ಮುಖ್ಯಸ್ಥಳವಾಗಿತ್ತು. ಈಗ ಹೋಬಳಿಯ ಊರು. ಇಲ್ಲಿನ ಮ್ಯಾಂಗನೀಸ್ ಗಣಿಗಳಿಂದ ಇದರ ಹೆಸರು ಹೊರಗಿನವರಿಗೂ ತಿಳಿದಿದೆ. ಆದರೆ ಪ್ರಸ್ತುತ ವಿಚಾರಕ್ಕೆ ಮುಖ್ಯವಾದುದು ಗಣಿಯಲ್ಲ, ಭೂಸ್ಥಿತಿ. ಬಯಲುಸೀಮೆಯು ಮುಗಿದು ಮಲೆನಾಡು ಮೊದಲಾಗುವ ಅಂಚಿನಲ್ಲಿ ಈ ಊರಿರುವುದರಿಂದ ಭತ್ತದ ಗದ್ದೆ, ಅಡಕೆಯ ತೋಟ, ದನ ಮೇಯುವ ಕಾಡು ಈ ಮೂರೂ ಇಲ್ಲಿ ಒಂದಕ್ಕೊಂದು ತಗಲಿಕೊಂಡಿವೆ. ಈ ಮೂರನ್ನೂ ಒಂದು ಗೂಡಿಸುವ ಪ್ರಾಣಿ ದನ. ಅದು ಕಾಡಿನಲ್ಲಿ ಮೇದು ಗದ್ದೆಯನ್ನು ಉಳುತ್ತಿತ್ತು. ಭತ್ತದ ಹುಲ್ಲನ್ನೂ ತೋಟದ ಹಸಿಹುಲ್ಲನ್ನೂ ತಿಂದು, ಕೊಟ್ಟಿಗೆಯ ಗೊಬ್ಬರವನ್ನು ತೋಟಕ್ಕೆ ಕೊಡುತ್ತಿತ್ತು. ಮಲೆನಾಡು ಗಿಡ್ಡವೆಂಬ ಚಿಕ್ಕ ತಳಿಯ ದನಗಳು ಇಂದಿಗೂ ಬಹಳವಾಗಿ ಬಯಲಲ್ಲಿಯೂ ಬೆಟ್ಟದಲ್ಲಿಯೂ ತಿರುಗಾಡಿಯೇ ಹೊಟ್ಟೆಹೊರೆಯುವಂಥವು. ಇದರಿಂದ ಗದ್ದೆ, ತೋಟ, ಕಾಡುಗಳಲ್ಲಿ ಯಾವುದೊಂದಕ್ಕೆ ವಿಷವನ್ನು ಹಾಕಿದರೂ ಅದಕ್ಕೆ ದನದ ಹೊಟ್ಟೆಗೆ ಒಂದು ದಾರಿ ಇದ್ದೇ ಇದೆಯೆಂದಾಯಿತು.

ಮಲೆನಾಡಿನ ಬೆಳೆಗಳಿಗೆ ರಾಸಾಯನಿಕವು ಮೊದಲು ಬಂದದ್ದು ತೋಟದ ಮೂಲಕ. ಮುಂಗಾರಿನಲ್ಲಿ ಅಡಕೆಯ ಎಳೆಗಾಯಿಗಳನ್ನು ಕೆಡಿಸುವ ಕೊಳೆರೋಗಕ್ಕೆ ಹಿಂದಿನವರು ಮಾಡುತ್ತಿದ್ದ ಉಪಾಯವೆಂದರೆ ಕರಡದ ಹುಲ್ಲಿನಿಂದ ಹೆಣೆದ ಕೊಟ್ಟೆಯನ್ನು ಕೊನೆಗೆ ಕಟ್ಟಿ ಮಳೆಯ ನೀರನ್ನು ತಡೆಯುವುದು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದೇಶದ ಲೆಸ್ಲೀ ಕೋಲ್ಮನ್ನರು ಈ ರೋಗವನ್ನು ಪರಿಶೋಧಿಸಿ, ಅದು ಒಂದು ಬಗೆಯ ಬೂಷ್ಟಿನಿಂದ ಉಂಟಾಗುವುದೆಂದು ತೋರಿಸಿ, ಮೈಲುತುತ್ತ ಸುಣ್ಣಗಳ ಮಿಶ್ರಣವಾದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು; ಅವರ ವರದಿಯು ೧೯೧೦ರಲ್ಲಿ ಪ್ರಕಟವಾಯಿತು. ಕೊನೆಗೌಡನು ಮರವೇರಿ ಕೊನೆಗಳಿಗೆ ಈ ದ್ರಾವಣವನ್ನು ಹೊಡೆಯುವುದು ಮಲೆನಾಡಿನ ಮಳೆಗಾಲದ ಗುರುತೇ ಆಗಿಹೋಯಿತು. ಇದರಿಂದ ತೋಟಗಾರರಿಗೆ ಉಂಟಾದ ಉಪಕಾರವು ನಿಸ್ಸಂದೇಹವಾದುದು. ಮೈಲುತುತ್ತದ ತಾಮ್ರವು ಪ್ರಾಣಿಗಳಿಗೆ ಪೂರ್ತಿ ನಿರಪಾಯವೆಂದಲ್ಲ. ಮುಖ್ಯವಾಗಿ ಕುರಿಯ ಯಕೃತ್ತಿನಲ್ಲಿ ಅದು ಶೇಖರವಾಗಿ, ಒಂದು ದಿನ ಹಠಾತ್ತಾಗಿ ರಕ್ತಕ್ಕೆ ಬಿಡುಗಡೆಯಾಗಿ ಪ್ರಾಣವನ್ನು ತೆಗೆಯುವುದುಂಟು. ಮೀನುಗಳಿಗೂ ಅದು ಹಾನಿಕರ. ಆದರೂ ಈ ಮದ್ದಿಗೆ ಒಂದು ದೊಡ್ಡ ಗುಣವಿತ್ತು: ಅದು ಕಣ್ಣಿಗೆ ಕಾಣುತ್ತಿತ್ತು. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕಿತ್ತು ತಿನ್ನದಿರಲೆಂದು ಬೇಲಿಯ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ವಿದ್ವಾಂಸನು ಗಮನಿಸಿ, ೧೮೮೫ರಲ್ಲಿ ಈ ಮದ್ದನ್ನು ಪ್ರಕಟಿಸಿದನು. ಎಂದರೆ, ಅದರ ನೀಲಿಯ ಬಣ್ಣವು ಹುಟ್ಟಿನಿಂದಲೇ ಒಂದು ಎಚ್ಚರಿಕೆ. ಎಲೆಯ ಮೇಲೆ ನೀಲಿಯ ಕಲೆಯಿದ್ದ ಹುಲ್ಲನ್ನು ದನಕ್ಕೆ ಹಾಕಬಾರದೆಂದು ತಿಳಿಯಲು ಅಕ್ಷರಜ್ಞಾನವು ಬೇಕಾಗಿರಲಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಬಂದ ಮದ್ದುಗಳಿಗೆ ಈ ಗುಣವಿರಲಿಲ್ಲ. ಡಿ. ಡಿ. ಟಿ., ಬಿ. ಎಚ್. ಸಿ., ಎಂಡ್ರಿನ್, ಎಂಡೋಸಲ್ಫಾನ್ ಎಂಬ ಕ್ಲೋರಿನ್ನಿನ ವರ್ಗವೂ, ಪ್ಯಾರಾಥಿಯಾನ್, ಫೋರೇಟ್ ಮೊದಲಾದ ರಂಜಕದ ವರ್ಗವೂ ಎಲೆಯ ಮೇಲೆ ಒಣಗಿದ ಮೇಲೆ ಬಹುಮಟ್ಟಿಗೆ ಕಣ್ಣಿಗೆ ಬೀಳವು. ಇದರೊಡನೆ ಭಾಷೆಯ ತೊಡಕೊಂದು ಸೇರಿತು. ಒಕ್ಕಲಿಗನು ಈ ಪದಾರ್ಥಗಳನ್ನು ವಿಷವೆಂದು ಕರೆಯಲಿಲ್ಲ. ಮಲೆನಾಡಿನಲ್ಲಿ ‘ಔಷಧಿ’ ಎಂದನು, ಕರಾವಳಿಯಲ್ಲಿ ‘ಮದ್ದು’ ಎಂದನು. ಮದ್ದೆಂಬ ಶಬ್ದಕ್ಕೆ ಕನ್ನಡದಲ್ಲಿ ರೋಗವನ್ನು ಕಳೆಯುವ ವಸ್ತುವೆಂಬ ಅರ್ಥವಿರುವಂತೆಯೇ, ‘ಮದ್ದು ಹಾಕಿದರು’ ಎಂಬಲ್ಲಿ ವಿಷವೆಂಬ ಅರ್ಥವೂ, ಕೋವಿಯ ಮದ್ದೆಂಬಲ್ಲಿ ಸಿಡಿಯುವ ವಸ್ತುವೆಂಬ ಅರ್ಥವೂ ಉಂಟು. ಈ ಮೂರು ಅರ್ಥಗಳಲ್ಲಿ ಹೊಲಕ್ಕೆ ಬಂದದ್ದು ಮೊದಲನೆಯದು ಮಾತ್ರ. ಬೆಳೆಗೆ ಔಷಧವಾದುದು ದನಕ್ಕೆ ವಿಷವಾಗಬಹುದೆಂಬ ಎಚ್ಚರವನ್ನು ಆ ಹೆಸರೇ ಮಸುಕುಮಾಡಿತು.

೩

ಈ ವಿಷಗಳು ಪ್ರಾಣಿಗಳ ಮೇಲೆ ಹೇಗೆ ಕೆಲಸಮಾಡುತ್ತವೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ರಂಜಕದ ವರ್ಗದ ಮದ್ದುಗಳು ನರಗಳ ಸಂದೇಶವನ್ನು ನಿಲ್ಲಿಸುವ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ದನವು ಜೊಲ್ಲು ಸುರಿಸುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಾಂಸಖಂಡಗಳು ಅದುರುತ್ತವೆ, ಮತ್ತೆ ಮತ್ತೆ ಸಗಣಿಯಾಗುತ್ತದೆ. ಕೊನೆಗೆ ಉಸಿರು ಕಟ್ಟಿ ಸಾಯುತ್ತದೆ. ಕೂಡಲೇ ವೈದ್ಯನು ಬಂದರೆ ಅಟ್ರೊಪಿನ್ ಚುಚ್ಚುಮದ್ದಿನಿಂದ ಬದುಕಿಸಬಹುದು. ಕ್ಲೋರಿನ್ನಿನ ವರ್ಗದವು ನರಗಳನ್ನು ಕೆರಳಿಸಿ ಸೆಳವನ್ನು ತರುತ್ತವೆ. ಅವುಗಳಲ್ಲಿ ಡಿ. ಡಿ. ಟಿ.ಯಂಥವು ಕೊಬ್ಬಿನಲ್ಲಿ ಬಹುಕಾಲ ನಿಂತು ಹಾಲಿನಲ್ಲಿ ಹೊರಬೀಳುತ್ತವೆ. ಆದುದರಿಂದ ಹಸುವಿಗೆ ಬಂದದ್ದು ಕರುವಿಗೂ ಮನೆಯವರಿಗೂ ಬರುತ್ತದೆ. ಇಲಿಗೆ ಇಡುವ ಸತುವಿನ ಫಾಸ್ಫೈಡು ಹೊಟ್ಟೆಯ ಆಮ್ಲದೊಡನೆ ಸೇರಿ ಮಾರಕವಾದ ಅನಿಲವಾಗುತ್ತದೆ. ಬ್ರೋಮಾಡಿಯೋಲೋನ್ ಮುಂತಾದ ಬಗೆಯವು ರಕ್ತವು ಹೆಪ್ಪುಗಟ್ಟದಂತೆ ಮಾಡುತ್ತವೆ. ಇವುಗಳ ಗುಣವು ಕೆಲವು ದಿನಗಳ ಮೇಲೆ ಕಾಣುವುದರಿಂದ, ಇಲಿಯ ತುತ್ತನ್ನಾಗಲಿ ವಿಷವುಂಡ ಇಲಿಯನ್ನಾಗಲಿ ತಿಂದ ನಾಯಿಬೆಕ್ಕುಗಳ ರೋಗವನ್ನು ಯಜಮಾನನು ಬೇರೆ ಕಾರಣಕ್ಕೆ ಆರೋಪಿಸುವುದು ಸಹಜ. ನಾಯಿಯ ಮೈಮೇಲಿನ ಹುಳುಗಳಿಗೆ ಹಾಕುವ ಪರ್ಮೆಥ್ರಿನ್ ಎಂಬ ಮದ್ದು ನಾಯಿಗೆ ಸಹ್ಯವಾದರೂ ಬೆಕ್ಕಿಗೆ ಪ್ರಾಣಾಂತಿಕ. ಏತಕ್ಕೆಂದರೆ ಬೆಕ್ಕಿನ ಯಕೃತ್ತಿಗೆ ಅದನ್ನು ಬೇಗ ಕಳೆದುಕೊಳ್ಳುವ ಶಕ್ತಿಯಿಲ್ಲ.

ಈ ಅಪಾಯವು ಕಾನೂನು ಮಾಡಿದವರಿಗೆ ತಿಳಿಯದೆ ಇರಲಿಲ್ಲ. ೧೯೫೮ರಲ್ಲಿ ಹಡಗಿನಲ್ಲಿ ಬಂದ ಗೋಧಿಯ ಹಿಟ್ಟಿಗೆ ಪ್ಯಾರಾಥಿಯಾನ್ ಸೋಕಿದ್ದರಿಂದ ಕೇರಳದಲ್ಲಿಯೂ ಮದರಾಸು ರಾಜ್ಯದಲ್ಲಿಯೂ ನೂರಕ್ಕೆ ಮಿಕ್ಕ ಜನರು ಸತ್ತರು. ಆ ದುರಂತದಿಂದ ಹೊರಟ ವಿಚಾರಣೆಗಳ ಫಲವಾಗಿ ೧೯೬೮ರಲ್ಲಿ ಭಾರತದ ಕೀಟನಾಶಕಗಳ ಅಧಿನಿಯಮವು ಹುಟ್ಟಿತು. ಮನುಷ್ಯರಿಗಾಗಲಿ ಪ್ರಾಣಿಗಳಿಗಾಗಲಿ ಅಪಾಯವಾಗದಂತೆ ತಡೆಯುವುದೇ ತನ್ನ ಉದ್ದೇಶವೆಂದು ಅದರ ಪೀಠಿಕೆಯು ಸಾರುತ್ತದೆ. ಅದರ ೨೬ನೆಯ ಪ್ರಕರಣದಂತೆ, ವಿಷಬಾಧೆಯ ಸಂಗತಿಗಳು ತಿಳಿದುಬಂದಾಗ ವರದಿಮಾಡಬೇಕೆಂದು ರಾಜ್ಯಸರ್ಕಾರವು ಯಾರನ್ನಾದರೂ ವಿಧಿಸಬಹುದು. ೨೭ನೆಯ ಪ್ರಕರಣದಂತೆ, ಮನುಷ್ಯರಿಗೆ ಅಥವಾ ಪ್ರಾಣಿಗಳಿಗೆ ಅಪಾಯವಿದೆಯೆಂದು ಕಂಡರೆ ಅಂಥ ಮದ್ದನ್ನು ಅರುವತ್ತು ದಿನಗಳನ್ನು ಮೀರದ ಅವಧಿಗೆ ನಿಷೇಧಿಸಬಹುದು. ೧೯೭೧ರ ನಿಯಮಗಳು ವಿಮಾನದಿಂದ ಸಿಂಪಡಿಸುವ ಕಾರ್ಯಕ್ಕೆ ಕಟ್ಟುಗಳನ್ನು ವಿಧಿಸಿ, ಇಪ್ಪತ್ತನಾಲ್ಕು ಗಂಟೆಗಳಿಗೆ ಕಡಮೆಯಿಲ್ಲದಂತೆ ಮುಂಚಿತವಾಗಿ ಜನರಿಗೆ ತಿಳಿಸಬೇಕೆಂದೂ, ಪ್ರಾಣಿಗಳೂ ಕಾರ್ಯಕ್ಕೆ ಸಂಬಂಧಪಡದ ಜನರೂ ಗೊತ್ತುಮಾಡಿದ ಕಾಲದವರೆಗೆ ಆ ಪ್ರದೇಶವನ್ನು ಹೊಗದಂತೆ ತಡೆಯಬೇಕೆಂದೂ ಹೇಳಿದುವು. ಹೀಗೆ ಕಾಗದದ ಮೇಲೆ ಪಶುವಿಗೆ ಮನುಷ್ಯನ ಪಕ್ಕದಲ್ಲಿಯೇ ಸ್ಥಾನ ದೊರೆಯಿತು. ಆಚರಣೆಯಲ್ಲಿ ದೊರೆಯಿತೇ ಎಂಬುದನ್ನು ಮುಂದಿನ ನಿದರ್ಶನಗಳಿಂದ ತಿಳಿಯಬೇಕು.

೪

ಮೊದಲನೆಯದು ವಿಷದ ಸಂಗತಿಯಲ್ಲ, ರೋಗದ ಸಂಗತಿ. ಆದರೂ ಪ್ರಾಣಿಯ ಸಾಕ್ಷ್ಯವನ್ನು ಸರಿಯಾಗಿ ಓದಿದ ಉದಾಹರಣೆಯಾದುದರಿಂದ ಉಳಿದೆರಡಕ್ಕೆ ಒರೆಗಲ್ಲಾಗಿದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಣ ಹಳ್ಳಿಗಳಲ್ಲಿ ಜನರು ಜ್ವರದಿಂದ ನರಳುತ್ತಿದ್ದರು. ಮಂಗಗಳ ಸಾವಿನ ವರ್ತಮಾನವು ಮುಟ್ಟಿದೊಡನೆ, ಆಫ್ರಿಕ ಮತ್ತು ಅಮೆರಿಕ ಖಂಡಗಳ ಹಳದಿಜ್ವರವು ಭಾರತಕ್ಕೆ ಬಂದಿತೋ ಎಂಬ ಶಂಕೆಯಿಂದ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಧಾವಿಸಿದರು. ಸತ್ತ ಮಂಗದ ಶರೀರವನ್ನು ಪರೀಕ್ಷಿಸಿ, ಅದು ಹಳದಿಜ್ವರವಲ್ಲ, ಕಾಡಿನ ಉಣ್ಣೆಗಳಿಂದ ಹರಡುವ ಹೊಸದೊಂದು ರೋಗವೆಂದು ನಿರ್ಣಯಿಸಿದರು. ಜನರು ಅದನ್ನು ಮಂಗನ ಕಾಯಿಲೆಯೆಂದರು. ವೈದ್ಯಶಾಸ್ತ್ರದಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆಯಾಯಿತು. ಕಾಡಿನಲ್ಲಿ ಮೇಯುವ ದನಗಳಿಗೆ ಈ ರೋಗ ಬಾರದಿದ್ದರೂ, ಅವುಗಳ ರಕ್ತವನ್ನು ಹೀರಿ ಉಣ್ಣೆಯ ಸಂತತಿ ಬೆಳೆಯುವುದೆಂದೂ ತಿಳಿದುಬಂದಿತು.

ಇದರಿಂದ ಎರಡು ಫಲಗಳುಂಟಾದವು. ಮಂಗವು ಸತ್ತುಬಿದ್ದರೆ ಅದನ್ನು ವರದಿಮಾಡಬೇಕು, ಶರೀರವನ್ನು ಪರೀಕ್ಷೆಗೆ ಕಳುಹಿಸಬೇಕು ಎಂಬ ಕ್ರಮವು ಮಲೆನಾಡಿನ ಆರೋಗ್ಯ ಇಲಾಖೆಯಲ್ಲಿ ಬೇರೂರಿತು. ಕಾಡಿನ ಒಂದು ಮೂಕಪ್ರಾಣಿಯ ಸಾವು ಸರ್ಕಾರದ ದಫ್ತರದಲ್ಲಿ ಒಂದು ಸಂಗತಿಯಾಯಿತು. ಎರಡನೆಯದಾಗಿ, ಸತ್ತ ಮಂಗದ ಸುತ್ತಣ ನೆಲಕ್ಕೆ ಉಣ್ಣೆಗಳನ್ನು ಕೊಲ್ಲುವ ಪುಡಿಯನ್ನು ಎರಚುವುದೂ, ದನಗಳ ಮೈಗೆ ಉಣ್ಣೆಯ ಮದ್ದನ್ನು ಹಚ್ಚುವುದೂ ರೋಗನಿವಾರಣೆಯ ಅಂಗವಾದವು. ಎಂದರೆ ಇದೇ ವರ್ಗದ ಮದ್ದುಗಳು ಅಳತೆಯಿಂದ, ತಿಳಿದವರ ಕೈಯಲ್ಲಿ, ಗೊತ್ತಾದ ಸ್ಥಳದಲ್ಲಿ ಬಳಕೆಯಾದಾಗ ಪ್ರಾಣರಕ್ಷಕವೂ ಆಗುವುವು. ವಿಷವನ್ನು ಒಟ್ಟಾಗಿ ನಿಂದಿಸುವುದರಿಂದ ವಿಚಾರವು ಮುಗಿಯಲಾರದೆಂಬುದಕ್ಕೆ ಇದೇ ಪ್ರಮಾಣ.

೫

ಎರಡನೆಯ ಸಾಕ್ಷಿಯು ಏಡಿ. ಸಾಗರದ ಹತ್ತಿರದ ಹಂದಿಗೋಡಿನಲ್ಲಿ ೧೯೭೪-೭೫ರ ವೇಳೆಗೆ ಒಂದು ವಿಚಿತ್ರವಾದ ಕಾಯಿಲೆಯು ವೈದ್ಯರ ಗಮನಕ್ಕೆ ಬಂದಿತು. ಸೊಂಟದಲ್ಲಿಯೂ ಮೊಣಕಾಲುಗಳಲ್ಲಿಯೂ ನೋವುಂಟಾಗಿ, ಕೀಲುಗಳು ಸವೆದು, ದುಡಿಯುವ ವಯಸ್ಸಿನವರು ನಡೆಯಲಾರದವರಾಗುತ್ತಿದ್ದರು. ಕೆಲವರು ಗಿಡ್ಡವಾಗಿಯೇ ಉಳಿಯುತ್ತಿದ್ದರು. ರೋಗಕ್ಕೆ ತುತ್ತಾದವರು ಹೆಚ್ಚಾಗಿ ಗದ್ದೆಯ ಕೂಲಿಯಿಂದ ಜೀವಿಸುವ ಅತಿ ಬಡವರು. ಗದ್ದೆಯ ಏಡಿ ಮೀನುಗಳು ಅವರ ಆಹಾರದ ಭಾಗ. ಅದೇ ಕಾಲದಲ್ಲಿ ಹೆಚ್ಚು ಇಳುವರಿಯ ಭತ್ತದ ತಳಿಗಳೊಡನೆ ಪ್ಯಾರಾಥಿಯಾನ್, ಎಂಡ್ರಿನ್ ಮೊದಲಾದ ಮದ್ದುಗಳೂ ಮಲೆನಾಡಿನ ಗದ್ದೆಗಳಿಗೆ ಇಳಿದಿದ್ದುವು. ಎಂಡ್ರಿನ್ ಜಲಚರಗಳಿಗೆ ಎಷ್ಟು ಘೋರವೆಂಬುದು ಜಗತ್ತಿಗೆ ಆಗಲೇ ತಿಳಿದಿತ್ತು. ಆದುದರಿಂದ ವಿಷವುಂಡ ಏಡಿಗಳನ್ನು ತಿಂದು ಜನರು ಹೆಳವರಾದರೆಂಬ ಊಹೆಯು ಹುಟ್ಟಿ, ದೇಶದ ಪರಿಸರಗ್ರಂಥಗಳಲ್ಲಿಯೂ ಪತ್ರಿಕೆಗಳಲ್ಲಿಯೂ ನೆಲೆಗೊಂಡಿತು. ಆ ಊಹೆಯು ಅಯುಕ್ತವಾದುದಾಗಿರಲಿಲ್ಲ. ಕಾಲವೂ ಹೊಂದುತ್ತಿತ್ತು, ಮಾರ್ಗವೂ ಹೊಂದುತ್ತಿತ್ತು.

ಆದರೆ ರೋಗವು ಕೆಲವು ಕುಟುಂಬಗಳಲ್ಲಿಯೇ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಿದ್ದುದನ್ನು ೧೯೭೭ರಲ್ಲಿ ಪ್ರಕಟವಾದ ಲೇಖನವೇ ಸೂಚಿಸಿ, ಮಲೆನಾಡಿನ ವಂಶಗತ ಕೀಲುರೋಗವೆಂಬ ಹೆಸರನ್ನು ಕೊಟ್ಟಿತು. ೧೯೯೦ರ ದಶಕದಲ್ಲಿ ಕ್ಷ-ಕಿರಣಗಳಿಂದಲೂ ವಂಶಾವಳಿಗಳಿಂದಲೂ ನಡೆದ ಪರಿಶೀಲನೆಗಳು, ಇದು ಮೂಳೆಗಳ ಬೆಳವಣಿಗೆಗೆ ಸಂಬಂಧಿಸಿದ ಆನುವಂಶಿಕ ರೋಗ, ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಮಕ್ಕಳಲ್ಲಿ ತೋರುವಂಥದು, ಎಂದು ನಿರ್ಣಯಿಸಿದುವು. ಹೀಗೆ ಏಡಿಯ ಸಾಕ್ಷ್ಯವನ್ನು ಓದುವುದರಲ್ಲಿ ಆತುರವು ನಡೆದಿತ್ತು. ಇದರಿಂದ ಗದ್ದೆಯ ಮದ್ದು ನಿರಪಾಯವೆಂದು ಸಿದ್ಧವಾಗಲಿಲ್ಲ. ಸಿದ್ಧವಾದುದು ಇಷ್ಟೇ: ಆ ರೋಗಕ್ಕೆ ಆ ವಿಷವು ಮೂಲಕಾರಣವಲ್ಲ. ಅನುಕಂಪೆಯು ಎಷ್ಟೇ ಪ್ರಬಲವಾಗಿದ್ದರೂ ಅದು ಪ್ರಮಾಣದ ಸ್ಥಾನವನ್ನು ತುಂಬಲಾರದು. ತಪ್ಪಾದ ಕಾರಣವನ್ನು ಹಿಡಿದುಕೊಂಡಷ್ಟು ಕಾಲವೂ ಸರಿಯಾದ ಕಾರಣದ ಶೋಧವು ಹಿಂದುಳಿಯುತ್ತದೆ. ಅದರ ನಷ್ಟವನ್ನು ಹೊರುವವರು ರೋಗಿಗಳೇ.

೬

ಮೂರನೆಯ ಸಾಕ್ಷಿಯಾದ ಕರುವಿನ ಕಥೆಗಾಗಿ ಘಟ್ಟವನ್ನಿಳಿದು ಕಾಸರಗೋಡಿಗೆ ಹೋಗಬೇಕು. ೧೯೫೬ರ ರಾಜ್ಯಪುನರ್ವಿಂಗಡನೆಯಲ್ಲಿ ಕೇರಳಕ್ಕೆ ಸೇರಿದ ಈ ನಾಡಿನ ಉತ್ತರಭಾಗದಲ್ಲಿ ಎಣ್ಮಕಜೆ ಗ್ರಾಮಪಂಚಾಯತಿಗೆ ಸೇರಿದ ಪಡ್ರೆಯೆಂಬ ಊರಿದೆ. ಗುಡ್ಡದ ನೆತ್ತಿ, ಇಳಿಜಾರು, ಕಣಿವೆ, ಕಣಿವೆಯಲ್ಲಿ ಅಡಕೆಯ ತೋಟ ಮತ್ತು ಮನೆಗಳು. ಗುಡ್ಡದ ಒಡಲಿಗೆ ಅಡ್ಡವಾಗಿ ಕೊರೆದ ಸುರಂಗಗಳಿಂದ ಒಸರುವ ನೀರೇ ಕುಡಿಯುವುದಕ್ಕೂ ತೋಟಕ್ಕೂ ಆಧಾರ. ಗುಡ್ಡಗಳ ನೆತ್ತಿಯಲ್ಲಿ ಕೇರಳಸರ್ಕಾರಕ್ಕೆ ಸೇರಿದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಟಗಳಿದ್ದುವು. ಕಾಸರಗೋಡಿನ ಹಲವು ಪಂಚಾಯತಿಗಳಲ್ಲಿ ಹರಡಿದ ಇವುಗಳ ವಿಸ್ತಾರವು ನಾಲ್ಕೂವರೆ ಸಾವಿರ ಹೆಕ್ಟೇರುಗಳಿಗೆ ಮಿಕ್ಕಿತ್ತು. ಗೇರುಹೂವಿನ ರಸವನ್ನು ಹೀರುವ ಟೀ ಸೊಳ್ಳೆಯೆಂಬ ತಿಗಣೆಯನ್ನು ಕೊಲ್ಲುವುದಕ್ಕಾಗಿ ೧೯೭೦ರ ದಶಕದ ಉತ್ತರಾರ್ಧದಿಂದ ೨೦೦೦ದ ಡಿಸೆಂಬರಿನವರೆಗೆ ಈ ತೋಟಗಳ ಮೇಲೆ ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಗುತ್ತಿತ್ತು. ಮದ್ದು ಬೀಳುವುದು ನೆತ್ತಿಯ ಮೇಲೆ. ನೀರು ಇಳಿಯುವುದು ಕಣಿವೆಗೆ. ನಿಯಮಗಳು ಪ್ರಾಣಿಗಳನ್ನು ದೂರವಿಡಬೇಕೆಂದು ಹೇಳಿದುವು. ಆದರೆ ಬೇಲಿಯಿಲ್ಲದ ಗುಡ್ಡದಲ್ಲಿ ಮೇಯಲು ಹೋಗುವ ದನಕ್ಕೂ, ಗಾಳಿಯಲ್ಲಿ ತೇಲಿಬರುವ ಹನಿಗೂ ಎಲ್ಲೆಯನ್ನು ಕಟ್ಟುವವರಾರು?

೧೯೭೯ರಲ್ಲಿ ಪಡ್ರೆಯ ಒಬ್ಬ ಒಕ್ಕಲಿಗನ ಕೊಟ್ಟಿಗೆಯಲ್ಲಿ ಒಂದರ ಹಿಂದೊಂದಾಗಿ ಕೈಕಾಲು ತಿರುಚಿದ ಕರುಗಳು ಹುಟ್ಟಿದವ್ವು. ಇದನ್ನು ಕಂಡು ವಿಚಾರಮಾಡಿದವರು ಆ ಊರಿನವರೇ ಆದ, ಕೃಷಿಕರೂ ಪತ್ರಕರ್ತರೂ ಆದ ಶ್ರೀ ಪಡ್ರೆಯವರು. ಆಕಾಶದಿಂದ ಬೀಳುವ ಮದ್ದಿಗೂ ಈ ಕರುಗಳಿಗೂ ಸಂಬಂಧವಿರಬಹುದೇ ಎಂಬ ಪ್ರಶ್ನೆಯನ್ನು ಅವರು ೧೯೮೧ರಲ್ಲಿ ವಾರಪತ್ರಿಕೆಯೊಂದರಲ್ಲಿ ಎತ್ತಿದರು. ಜೇನುನೊಣಗಳು ಕಾಣೆಯಾದುದನ್ನೂ, ತೋಡುಗಳಲ್ಲಿ ಮೀನು ಕಪ್ಪೆಗಳು ಸಾಯುತ್ತಿದ್ದುದನ್ನೂ ಊರವರು ಹೇಳುತ್ತಿದ್ದರು. ಎಂಡೋಸಲ್ಫಾನ್ ಮೀನುಗಳನ್ನು ಅತ್ಯಲ್ಪ ಪ್ರಮಾಣದಲ್ಲಿಯೇ ಕೊಲ್ಲುವುದೆಂಬುದು ನಿರ್ವಿವಾದವಾದ ಸಂಗತಿ. ಆದರೂ ಸಿಂಪಡಣೆಯು ನಿಲ್ಲಲಿಲ್ಲ. ಕರುವಿನ ಸಾಕ್ಷ್ಯವು ಪತ್ರಿಕೆಯಲ್ಲಿ ಅಚ್ಚಾಯಿತು, ದಫ್ತರದಲ್ಲಿ ದಾಖಲಾಗಲಿಲ್ಲ.

ಮುಂದೆ ಸಾಕ್ಷ್ಯವು ಮನುಷ್ಯರ ಶರೀರದಲ್ಲಿ ತೋರಿತು. ಪಡ್ರೆಯ ಸಮೀಪದ ವಾಣೀನಗರದಲ್ಲಿ ವೈದ್ಯವೃತ್ತಿಯನ್ನು ನಡೆಸುತ್ತಿದ್ದ ಡಾಕ್ಟರ್ ವೈ. ಎಸ್. ಮೋಹನಕುಮಾರರು ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟುನ್ಯೂನತೆ, ಅರ್ಬುದ ಮೊದಲಾದವು ಒಂದೇ ಪ್ರದೇಶದಲ್ಲಿ ಗುಂಪಾಗಿ ಕಾಣುತ್ತಿರುವುದನ್ನು ಗುರುತಿಸಿ ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮನವರು ನ್ಯಾಯಾಲಯದ ಮೆಟ್ಟಿಲನ್ನೇರಿದರು. ೧೯೯೮ರಲ್ಲಿ ಹೊಸದುರ್ಗದ ನ್ಯಾಯಾಲಯವು ಅವರ ಪ್ರದೇಶದಲ್ಲಿ ಸಿಂಪಡಣೆಗೆ ತಡೆಯಾಜ್ಞೆಯನ್ನು ಕೊಟ್ಟಿತು. ೨೦೦೧ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಹಾಲು, ಮನುಷ್ಯರ ರಕ್ತ ಮೊದಲಾದುವುಗಳಲ್ಲಿ ಈ ಮದ್ದಿನ ಶೇಷವನ್ನು ಕಂಡುದಾಗಿ ಪ್ರಕಟಿಸಿತು. ಆ ವರ್ಷವೇ ಕೇರಳವು ನಿಷೇಧವನ್ನು ಹೊರಡಿಸಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯು ಪಡ್ರೆಯ ಮಕ್ಕಳನ್ನು ಬೇರೆ ಊರಿನ ಮಕ್ಕಳೊಡನೆ ಹೋಲಿಸಿ ಪಡ್ರೆಯಲ್ಲಿ ನ್ಯೂನತೆಗಳು ಹೆಚ್ಚೆಂದು ಹೇಳಿತು. ಸಂಬಂಧವು ಸಿದ್ಧವಾಗಿಲ್ಲವೆಂದು ಹೇಳಿದ ಸಮಿತಿಗಳೂ ಇದ್ದುವು. ಹೀಗೆ ವಾದಪ್ರತಿವಾದಗಳು ಹತ್ತು ವರ್ಷ ನಡೆದುವು.

ಗೇರಿನ ಮೇಲಿನ ಇದೇ ಪದ್ಧತಿಯು ಗಡಿಯ ಈಚೆಗೂ ಇದ್ದಿತು. ದಕ್ಷಿಣಕನ್ನಡ ಜಿಲ್ಲೆಯ ಕೊಕ್ಕಡ, ಪಟ್ರಮೆ, ನಿಡ್ಲೆ ಮೊದಲಾದ ಊರುಗಳವರೂ ಇದೇ ಬಗೆಯ ದುಃಖವನ್ನು ಹೇಳಿಕೊಂಡರು. ೨೦೧೧ರ ಫೆಬ್ರವರಿಯಲ್ಲಿ ಕರ್ಣಾಟಕಸರ್ಕಾರವು ಎಂಡೋಸಲ್ಫಾನನ್ನು ಅರುವತ್ತು ದಿನಗಳ ಕಾಲ ನಿಷೇಧಿಸಿತು. ಅದೇ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ಜಗತ್ತಿನಿಂದ ತೊಲಗಿಸಬೇಕಾದ ಪದಾರ್ಥಗಳ ಪಟ್ಟಿಗೆ ಸೇರಿಸಿದುವು. ಮೇ ೧೩ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ೨೦೧೭ರ ಜನವರಿಯಲ್ಲಿ ಅದೇ ನ್ಯಾಯಾಲಯವು ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ಕೇರಳಸರ್ಕಾರಕ್ಕೆ ಆಜ್ಞಾಪಿಸಿತು.

ತಿರುಚಿದ ಕಾಲಿನ ಆ ಕರುಗಳು ಹುಟ್ಟಿದ ೧೯೭೯ಕ್ಕೂ ದೇಶಾದ್ಯಂತ ತಡೆಯು ಬಂದ ೨೦೧೧ಕ್ಕೂ ನಡುವೆ ಮುವ್ವತ್ತೆರಡು ವರ್ಷಗಳು. ಆ ಕರುಗಳ ಅಂಗವೈಕಲ್ಯಕ್ಕೆ ಆ ಮದ್ದೇ ಕಾರಣವೆಂದು ಇಲ್ಲಿ ಪ್ರತಿಜ್ಞೆಮಾಡುತ್ತಿಲ್ಲ. ಹಂದಿಗೋಡಿನ ಏಡಿಯ ಪಾಠವನ್ನು ಪಡ್ರೆಯ ಕರುವಿನಲ್ಲಿ ಮರೆಯಲಾಗದು. ಹೇಳತಕ್ಕದ್ದು ಇಷ್ಟು: ಪ್ರಾಣಿಗಳಿಗೆ ಅಪಾಯವೆಂದು ಕಂಡರೂ ಸಾಕು, ಮದ್ದನ್ನು ಅರುವತ್ತು ದಿನ ನಿಲ್ಲಿಸಿ ಪರೀಕ್ಷಿಸುವ ಅಧಿಕಾರವು ೧೯೬೮ರಿಂದಲೇ ಕಾನೂನಿನಲ್ಲಿದ್ದಿತು. ಆ ಅರುವತ್ತು ದಿನಗಳು ೧೯೭೯ರಲ್ಲಿ ಒದಗಿದ್ದರೆ, ಊಹೆಯು ಸರಿಯಾಗಿದ್ದ ಪಕ್ಷದಲ್ಲಿ ಒಂದು ತಲೆಮಾರು ಉಳಿಯುತ್ತಿತ್ತು. ತಪ್ಪಾಗಿದ್ದ ಪಕ್ಷದಲ್ಲಿ ಒಂದು ಹಂಗಾಮಿನ ಗೇರುಬೀಜವಷ್ಟೆ ನಷ್ಟವಾಗುತ್ತಿತ್ತು.

೭

ಈ ಮೂರು ನಿದರ್ಶನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಭೇದವು ಸ್ಪಷ್ಟವಾಗುತ್ತದೆ. ಮಂಗದ ಸಾವನ್ನು ಓದಿದವರಿದ್ದರು, ಪರೀಕ್ಷಿಸಿದವರೂ ಇದ್ದರು. ಏಡಿಯ ವಿಷಯದಲ್ಲಿ ಓದಿದವರಿದ್ದರು, ಪರೀಕ್ಷೆಯು ತಡವಾಗಿ ಬಂದು ಓದನ್ನು ತಿದ್ದಿತು. ಕರುವಿನ ವಿಷಯದಲ್ಲಿ ಓದಿದವನೊಬ್ಬನಿದ್ದನು, ಪರೀಕ್ಷಿಸಬೇಕಾದವರು ಕಿವಿಗೊಡಲಿಲ್ಲ. ಸಾಕ್ಷಿಗಳು ಮೂವರೂ ಮೂಕರೇ. ಭೇದವು ಸಾಕ್ಷಿಯಲ್ಲಿಲ್ಲ, ಕೇಳುವವರಲ್ಲಿದೆ. ಮಂಗದ ಸಾವು ಮನುಷ್ಯನಿಗೆ ಬರಬಹುದಾದ ಸಾಂಕ್ರಾಮಿಕದ ಸೂಚನೆಯೆಂಬ ಭಯವಿದ್ದುದರಿಂದ ಅದಕ್ಕೆ ದಫ್ತರವು ತೆರೆಯಿತು. ದನದ ಸಾವು ಮಾತ್ರ ಒಬ್ಬ ಒಕ್ಕಲಿಗನ ಸ್ವಂತ ನಷ್ಟವೆಂದೇ ಎಣಿಸಲ್ಪಟ್ಟಿತು.

ಈ ಭೇದವು ಇಂದಿಗೂ ಅಳಿದಿಲ್ಲವೆಂಬುದಕ್ಕೆ ೨೦೨೫ರ ಜೂನಿನಲ್ಲಿ ಮಲೆಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ನಡೆದುದು ಉದಾಹರಣೆ. ಸತ್ತ ಹಸುವಿನ ಮಾಂಸಕ್ಕೆ ವಿಷವಿಟ್ಟುದರಿಂದ ಒಂದು ಹೆಣ್ಣುಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುವು. ಹುಲಿಗೆ ಕಾನೂನಿನ ಬೆಂಬಲವಿರುವುದರಿಂದ ಕೂಡಲೇ ಶವಪರೀಕ್ಷೆ, ವಿಚಾರಣೆ, ಬಂಧನಗಳು ನಡೆದುವು. ಇದು ಆಗತಕ್ಕದ್ದೇ. ಆದರೆ ಬದುವಿನ ಹುಲ್ಲನ್ನು ಮೇದು ಸಂಜೆಗೆ ಕೊಟ್ಟಿಗೆಯಲ್ಲಿ ಬಿದ್ದ ಹಸುವನ್ನು ಮರುದಿನ ಬೆಳಗ್ಗೆ ಹೂಳಿಬಿಟ್ಟರೆ ಅದರ ಸಂಗತಿಯು ಅಲ್ಲಿಗೆ ಮುಗಿಯಿತು.

ಇತಿಹಾಸಕಾರರಿಗೆ ಪರಿಚಿತವಾದ ಒಂದು ಹೋಲಿಕೆಯಿಂದ ಇದರ ನಷ್ಟವನ್ನು ತಿಳಿಯಬಹುದು. ಶಾಸನದ ಕಲ್ಲು ಒಡೆದುಹೋದರೂ ಮೊದಲೇ ತೆಗೆದ ಪಡಿಯಚ್ಚೊಂದು ಉಳಿದಿದ್ದರೆ ಪಾಠವು ಉಳಿಯುತ್ತದೆ. ಪಡಿಯಚ್ಚಿಲ್ಲದೆ ಕಲ್ಲನ್ನು ಮೆಟ್ಟಿಲಿಗೆ ಹಾಕಿದರೆ ಮುಂದಿನ ವಿದ್ವಾಂಸನಿಗೆ ಊಹೆಯೊಂದೇ ಗತಿ. ವಿಷದಿಂದ ಸತ್ತ ಪ್ರಾಣಿಯ ಹೊಟ್ಟೆಯ ಪದಾರ್ಥವೂ ಯಕೃತ್ತೂ ಅಂಥ ಶಾಸನಗಳು. ಅವುಗಳ ಅಕ್ಷರಗಳು ಕೆಲವು ಗಂಟೆಗಳಲ್ಲಿ, ಕೆಲವು ದಿನಗಳಲ್ಲಿ ಅಳಿಸಿಹೋಗುತ್ತವೆ. ಊರಿನ ಪಶುವೈದ್ಯಶಾಲೆಯ ಪುಸ್ತಕದಲ್ಲಿ ದಿನಾಂಕ, ಸ್ಥಳ, ಮೇದ ಮೇವು, ಹೊಡೆದ ಮದ್ದಿನ ಹೆಸರು, ತೋರಿದ ಚಿಹ್ನೆ ಎಂಬ ಐದು ಸಂಗತಿಗಳನ್ನು ಬರೆದಿಟ್ಟು, ಪರೀಕ್ಷೆಗೆ ಒಂದು ತುಣುಕನ್ನು ಕಳುಹಿಸಿದರೆ ಅದೇ ಪಡಿಯಚ್ಚು. ಅಧಿನಿಯಮದ ೨೬ನೆಯ ಪ್ರಕರಣಕ್ಕೆ ಇದಕ್ಕಿಂತ ಸಹಜವಾದ ವಿನಿಯೋಗವು ಬೇರೆ ಇಲ್ಲ.

ಕೆಲವು ಮದ್ದುಗಳು ಕಾಲಕ್ರಮದಲ್ಲಿ ತೊಲಗಿವೆ. ಬಿ. ಎಚ್. ಸಿ.ಯು ೧೯೯೭ರಲ್ಲಿ ನಿಂತಿತು. ೨೦೧೮ರ ಆಜ್ಞೆಯಂತೆ ಫೋರೇಟ್ ೨೦೨೦ರ ಕೊನೆಗೆ ನಿಂತಿತು. ಆದರೆ ಒಂದು ಹೋದರೆ ಇನ್ನೊಂದು ಬರುವುದು ಈ ವಸ್ತುವಿನ ಇತಿಹಾಸದಲ್ಲಿ ಕಾಣುವ ಕ್ರಮ. ಹೊಸದಾಗಿ ಬಂದುದರ ಗುಣದೋಷಗಳನ್ನು ಕಾರ್ಖಾನೆಯ ಚೀಟಿಗಿಂತ ಮುಂಚೆ ಕೊಟ್ಟಿಗೆಯು ಹೇಳಬಹುದು. ಕುಂಸಿಯಂಥ ಊರುಗಳಲ್ಲಿ ಗದ್ದೆ, ತೋಟ, ಕಾಡುಗಳ ನಡುವೆ ದನವು ದಿನವೂ ಮಾಡುವ ಸಂಚಾರವು ಆ ಮೂರರ ಸ್ಥಿತಿಯನ್ನೂ ತಿಳಿಸುವ ಪರೀಕ್ಷೆಯೇ ಆಗಿದೆ. ಅದರ ಫಲವನ್ನು ಬರೆದಿಡುವ ಪುಸ್ತಕವೊಂದು ಬೇಕು. ಗೋವೈದ್ಯವನ್ನೂ ವಿಷವೈದ್ಯವನ್ನೂ ಕನ್ನಡದ ಪೂರ್ವಿಕರು ಬೇರೆ ಬೇರೆ ಗ್ರಂಥಗಳಲ್ಲಿ ಬರೆದರು. ಅವರ ಕಾಲಕ್ಕೆ ಅದು ಸಾಕಾಗಿತ್ತು. ಈ ಕಾಲದಲ್ಲಿ ಅವೆರಡೂ ಒಂದೇ ಪುಸ್ತಕದ ಒಂದೇ ಪುಟದಲ್ಲಿ ಇರತಕ್ಕವು.